ಕೋಟೆ, ಕಾರ್ಬ್ಯುರೇಟರು ಮತ್ತು ಮೂಲರೂಪದ ಪ್ರಶ್ನೆ

ದೌಲತಾಬಾದಿನ ಕೋಟೆಯನ್ನು ಏರುವಾಗ ನಾವು ಕಾಣುವುದು ಒಂದೇ ಕಾಲದ ಕೋಟೆಯನ್ನಲ್ಲ. ಏರಲಾಗದಂತೆ ನೆಟ್ಟಗೆ ಕಡಿದ ಬಂಡೆ ಸೇವುಣರ ದೇವಗಿರಿಯದು. ತಮ್ಮ ಶಾಸನಗಳಲ್ಲಿ ಕನ್ನಡವನ್ನೂ ಬಳಸಿದ ಅರಸರು ಅವರು. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೆಹಲಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಚಾಂದ್ ಮಿನಾರ್ ಬಹಮನಿಯರದು. ಟಗರಿನ ತಲೆಯ ಮೇಂಢಾ ತೋಪಿನ ಮೇಲಿರುವುದು ಔರಂಗಜೇಬನ ಹೆಸರು. ಬಿಲ್ಲುಬಾಣಗಳ ಕಾಲದ ಬೆಟ್ಟ ಮದ್ದುಗುಂಡಿನ ಕಾಲಕ್ಕೆ ಹೊಂದಿಕೊಂಡಿತು. ಆದರೂ ಕೋಟೆ ಅದೇ ಎನ್ನಲು ನಾವು ಹಿಂಜರಿಯುವುದಿಲ್ಲ.

ಹಳೆಯ ಸ್ಪೋರ್ಟ್ಸ್ ಕಾರುಗಳ ಒಡೆಯರ ಮುಂದೆ ಇಂದು ಇಂಥದೇ ಪ್ರಶ್ನೆಯಿದೆ. ಕಾರ್ಬ್ಯುರೇಟರನ್ನು ತೆಗೆದು ಫ್ಯುಯೆಲ್ ಇಂಜೆಕ್ಷನ್ ಜೋಡಿಸಿದರೆ ಕಾರು ಅದೇ ಆಗಿ ಉಳಿಯುವುದೇ?

ಕಾರ್ಬ್ಯುರೇಟರಿನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಿರಿದಾದ ದಾರಿಯಲ್ಲಿ ವೇಗ ಪಡೆದು ಪೆಟ್ರೋಲನ್ನು ಸೆಳೆಯುತ್ತದೆ. ಅದರ ಪ್ರಮಾಣವನ್ನು ನಿರ್ಧರಿಸುವುದು ಜೆಟ್ಟಿನ ರಂಧ್ರ. ಇಂಜೆಕ್ಷನ್ನಿನಲ್ಲಿ ಪಂಪು ಒತ್ತಡದಿಂದ ಕಳುಹಿಸಿದ ಇಂಧನವನ್ನು ಕಂಪ್ಯೂಟರು ಲೆಕ್ಕ ಹಾಕಿ ಸಿಂಪಡಿಸುತ್ತದೆ. ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಶೇಕಡ 20ರಷ್ಟು ಎಥೆನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಹಳೆಯ ಜೆಟ್ಟಿನ ಅಳತೆ ಹೊಂದುವುದಿಲ್ಲ. ಮಿಶ್ರಣದಲ್ಲಿ ಇಂಧನ ಕಡಿಮೆಯಾಗುತ್ತದೆ. ಆದುದರಿಂದ ಈ ಬದಲಾವಣೆ ಬರಿಯ ಶೋಕಿಯಲ್ಲ.

ಇಂಜೆಕ್ಷನ್ ಹೊಸದು, ಕಾರ್ಬ್ಯುರೇಟರು ಹಳೆಯದು ಎಂಬ ಗ್ರಹಿಕೆಯೂ ಪೂರ್ತಿ ನಿಜವಲ್ಲ. 1954ರ ಮರ್ಸಿಡಿಸ್ ಬೆಂಜ್ 300 ಎಸ್‌ಎಲ್ ಕಾರಿನಲ್ಲೇ ಇಂಜೆಕ್ಷನ್ ಇತ್ತು. 1967ರಲ್ಲಿ ಬ್ರಿಟನ್ನಿನ ಟ್ರಯಂಫ್ ಕಂಪನಿಯು ಟಿಆರ್ 5 ಕಾರಿಗೆ ಲೂಕಾಸ್ ಇಂಜೆಕ್ಷನ್ ಅಳವಡಿಸಿತು. ಆದರೆ ಅಮೆರಿಕೆಗೆ ಕಳುಹಿಸಿದ ಅದರ ಸೋದರ ಟಿಆರ್ 250ಕ್ಕೆ ಕಾರ್ಬ್ಯುರೇಟರನ್ನೇ ಉಳಿಸಿತು; ಬೆಲೆ ಮತ್ತು ಹೊಗೆಯ ನಿಯಮಗಳು ಅದಕ್ಕೆ ಕಾರಣವಾದವು. ದೌಲತಾಬಾದಿಗೆ ಸಮೀಪದ ವಾಳೂಜಿನಲ್ಲಿ ಕಾರ್ಖಾನೆಯಿರುವ ಬಜಾಜ್ ಕಂಪನಿಯ ಪಲ್ಸರ್ 220 ಬೈಕು 2007ರಲ್ಲಿ ಇಂಜೆಕ್ಷನ್ನಿನೊಡನೆ ಬಂದು 2009ರಲ್ಲಿ ಕಾರ್ಬ್ಯುರೇಟರಿಗೆ ಮರಳಿತು. ಕೊನೆಗೆ 2020ರ ಬಿಎಸ್ 6 ನಿಯಮ ಬಂದಾಗ ಅದೇ ಹೊಗೆಯ ಕಾರಣದಿಂದ ನಮ್ಮ ಹೊಸ ಬೈಕುಗಳಿಗೆ ಇಂಜೆಕ್ಷನ್ ಬಂದಿತು. ಅಲ್ಲಿ ಇಂಜೆಕ್ಷನ್ನನ್ನು ಹೊರಗಿಟ್ಟ ಕಾರಣವೇ ಇಲ್ಲಿ ಅದನ್ನು ಒಳಕ್ಕೆ ಕರೆಯಿತು.

ಇತ್ತ ಕಾನೂನಿನ ನೋಟ ಬೇರೆ. 2021ರ ಜುಲೈಯಲ್ಲಿ ಪ್ರಕಟವಾದ ಕೇಂದ್ರದ ನಿಯಮದಂತೆ, ಐವತ್ತು ವರ್ಷ ದಾಟಿದ ವಾಹನವು ಮೂಲರೂಪದಲ್ಲಿ ಉಳಿದು, ಚಾಸಿ, ಹೊರಮೈ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಕಾಣದಿದ್ದರೆ ಮಾತ್ರ ವಿಂಟೇಜ್ ಎನಿಸುತ್ತದೆ. ಓಡಿಸಲು ಅನುಕೂಲ ಮಾಡಿಕೊಂಡವನು ಈ ಮನ್ನಣೆಯನ್ನು ಕಳೆದುಕೊಳ್ಳಬಹುದು. ಮನ್ನಣೆ ಉಳಿಸಿಕೊಂಡವನ ಕಾರು ಶೆಡ್ಡಿನಲ್ಲೇ ನಿಲ್ಲಬಹುದು.

ನಮಗೆ ಕೋಟೆಯೇ ದಾರಿ ತೋರುವಂತಿದೆ. ತೋಪನ್ನು ತಂದವರು ಸೇವುಣರ ಬಂಡೆಯನ್ನು ಅಳಿಸಲಿಲ್ಲ. ಹಳೆಯದನ್ನು ಇಂದಿಗೂ ಬೇರ್ಪಡಿಸಿ ಓದಬಹುದು. ಕಾರಿನಲ್ಲಿಯೂ ಹಳೆಯ ಲೋಹಕ್ಕೆ ಹೊಸ ತೂತು ಕೊರೆಯದೆ, ಬೋಲ್ಟು ಬಿಚ್ಚಿದರೆ ಹಿಂದಿನ ಸ್ಥಿತಿಗೆ ಮರಳುವಂತೆ ಜೋಡಿಸಲು ಸಾಧ್ಯವಿದೆ. ತೆಗೆದ ಕಾರ್ಬ್ಯುರೇಟರನ್ನು ಎಣ್ಣೆ ಸವರಿ ಜೋಪಾನವಾಗಿಡಬೇಕು. ಮಾಡಿದ ಕೆಲಸವನ್ನು ದಿನಾಂಕದೊಡನೆ ಬರೆದಿಡಬೇಕು. ಮುಂದಿನ ಒಡೆಯನು ಬಯಸಿದರೆ ಮರುದಿನವೇ ಹಳೆಯದನ್ನು ಮರಳಿ ಕೂರಿಸುವಂತಿರಬೇಕು. ಬದಲಾವಣೆಯಿಂದ ಚರಿತ್ರೆ ಕೆಡುವುದಿಲ್ಲ, ಬದಲಾವಣೆಯನ್ನು ಮರೆಮಾಚಿದಾಗ ಕೆಡುತ್ತದೆ.