ಟೇಸರ್ ಆಯುಧವೂ ಮನುಷ್ಯನ ಹೃದಯವೂ

ಕೆನಡಾ ದೇಶದ ವ್ಯಾಂಕೂವರ್ ವಿಮಾನನಿಲ್ದಾಣದಲ್ಲಿ, 2007ನೆಯ ಅಕ್ಟೋಬರ್ 14ರ ಅಪರಾತ್ರಿಯಲ್ಲಿ, ಇಂಗ್ಲಿಷ್ ಅರಿಯದವನಾಗಿ, ತಾಯಿಯೊಡನೆ ನೆಲಸಲೆಂದು ಪೋಲೆಂಡಿನಿಂದ ಬಂದಿಳಿದು, ಅವಳನ್ನು ಕಾಣದೆ ಹತ್ತು ಗಂಟೆಗಳಷ್ಟು ಕಾಲ ಅಲ್ಲಿಯೇ ತೊಳಲಿ ಕಂಗೆಟ್ಟಿದ್ದ ರಾಬರ್ಟ್ ಜೆಕಾನ್ಸ್ಕಿಯು ನಾಲ್ವರು ಪೊಲೀಸರು ಬಂದ ಮೇಲೆ ಕೈಗೊಂದು ಸ್ಟೇಪ್ಲರನ್ನು ಎತ್ತಿಕೊಳ್ಳಲು, ಅವರು ತಾವು ಬಂದು ನಿಮಿಷವೊಂದು ತುಂಬುವುದರೊಳಗೆ ಅವನ ಮೇಲೆ ಟೇಸರನ್ನು ಪ್ರಯೋಗಿಸಿದರು. ಐದು ಬಾರಿ ಆಯುಧದ ಕುದುರೆಯನ್ನೊತ್ತಲಾಯಿತು. ಕೈಗೆ ಕೋಳ ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ಅವನು ನೆಲದ ಮೇಲೆ ಅಸುನೀಗಿದನು. ಶವಪರೀಕ್ಷೆಯಲ್ಲಿ ಮದ್ಯದ ಕುರುಹಾಗಲಿ ಮಾದಕದ್ರವ್ಯದ ಕುರುಹಾಗಲಿ ದೊರೆಯಲಿಲ್ಲ.

ಈ ಆಯುಧದ ಮಾತು ಬಂದಾಗಲೆಲ್ಲ ಐವತ್ತು ಸಾವಿರ ವೋಲ್ಟೆಂಬ ಅಂಕಿಯನ್ನು ಮುಂದೊಡ್ಡುವ ವಾಡಿಕೆಯುಂಟಾದರೂ ಅದರಿಂದ ತಿಳಿಯುವುದು ಅತ್ಯಲ್ಪ. ಅಷ್ಟು ಒತ್ತಡವು ಗಾಳಿಯ ಅಂತರವನ್ನೋ ಬಟ್ಟೆಯ ಪದರವನ್ನೋ ದಾಟುವುದಕ್ಕಾಗಿ ಮಾತ್ರ ಬೇಕಾದುದು. 2003ರಲ್ಲಿ ಬಳಕೆಗೆ ಬಂದ ಎಕ್ಸ್-26 ಮಾದರಿಯಲ್ಲಿ ದೇಹದೊಳಗೆ ಉಳಿಯುವುದು ಸುಮಾರು 1,200 ವೋಲ್ಟು. ನೈಟ್ರೋಜನ್ ಅನಿಲದ ರಭಸದಿಂದ ಚಿಮ್ಮಿದ ಎರಡು ಮುಳ್ಳುಮೊನೆಗಳು, ಗಾಳದ ಕೊಕ್ಕೆಯಂತೆ ಚರ್ಮದಲ್ಲಿ ನಾಟಿಕೊಂಡು, ಸಣ್ಣ ತಂತಿಗಳ ಮೂಲಕ ಸೆಕೆಂಡಿಗೆ 19ರಂತೆ, ಒಮ್ಮೆ ಕುದುರೆಯನ್ನೊತ್ತಿದರೆ ಐದು ಸೆಕೆಂಡುಗಳವರೆಗೆ, ಕ್ಷಣಾಂಶದ ವಿದ್ಯುದಾಘಾತಗಳನ್ನು ಕೊಡುತ್ತವೆ. ನಮ್ಮಲ್ಲಿ ಕರೆಂಟು ‘ಹಿಡಿದುಕೊಂಡಿತು’ ಎನ್ನುವ ಮಾತುಂಟಷ್ಟೆ; ಆ ಮಾತಿನ ಶಾರೀರಕ ತಾತ್ಪರ್ಯವೇ ಇಲ್ಲಿ ಯಂತ್ರರೂಪವನ್ನು ತಾಳಿದೆ. ಬಿಗಿದ ಮಾಂಸಖಂಡವು ಸಡಿಲುವುದಕ್ಕೆ ಮುನ್ನವೇ ಮತ್ತೊಂದು ಪ್ರಚೋದನೆ ಬಂದೊದಗುವುದರಿಂದ, ಮನುಷ್ಯನು ಪ್ರಜ್ಞೆಯುಳ್ಳವನಾಗಿದ್ದೂ ಕೈಯೂರಿಕೊಳ್ಳಲಾರದೆ, ಕಡಿದ ಮರದಂತೆ ಉರುಳುತ್ತಾನೆ.

ಹೃದಯವೂ ಮಾಂಸಖಂಡವೇ ಎಂಬಲ್ಲಿ ವಿವಾದವು ಮೊದಲಾಗುತ್ತದೆ. ಟೊರಾಂಟೋ ನಗರದ ಹೃದಯತಜ್ಞರು ಆರು ಹಂದಿಗಳ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎದೆಗೆ ಅಡ್ಡಲಾಗಿ ಕೊಟ್ಟ 94 ಆಘಾತಗಳ ಪೈಕಿ 74ರಲ್ಲಿ ಹೃದಯವು ತನ್ನ ಸಹಜ ಲಯವನ್ನು ಬಿಟ್ಟು ಯಂತ್ರದ ತಾಳಕ್ಕೆ ಒಳಗಾಯಿತು. ಹೊಟ್ಟೆಯ ಮೇಲೆ ಕೊಟ್ಟ 56ರಲ್ಲಿ ಒಂದು ಸಲವೂ ಹಾಗಾಗಲಿಲ್ಲ. ಭಯಾವೇಶದ ಸ್ಥಿತಿಯನ್ನು ಅನುಕರಿಸಲೆಂದು ರಕ್ತಕ್ಕೆ ಅಡ್ರಿನಲಿನ್ ಊಡಿದಾಗಲಾದರೋ ಒಂದು ಹಂದಿಯಲ್ಲಿ ಹೃತ್ಕುಕ್ಷಿಯು ನೆತ್ತರನ್ನು ತಳ್ಳಲಾರದೆ ಬರಿದೆ ನಡುಗುವ ಮಾರಕ ಕಂಪನವೇ ಕಾಣಿಸಿಕೊಂಡಿತು. ಹಂದಿಯು ಮನುಷ್ಯನಲ್ಲವೆಂಬ ಆಕ್ಷೇಪವು ಯುಕ್ತವೇ. ಆದರೂ ಮೊನೆ ನಾಟುವ ಸ್ಥಳ, ನಾಟಿಸಿಕೊಂಡವನ ಅವಸ್ಥೆ, ಇವೆರಡನ್ನು ಬಿಟ್ಟು ಆಯುಧವೊಂದನ್ನೇ ತೂಗುವುದು ವ್ಯರ್ಥವೆಂಬುದನ್ನು ಆ ಪ್ರಯೋಗವು ತೋರಿಸಿಕೊಟ್ಟಿತು.

ಇದಕ್ಕೆ ಪ್ರತಿಯಾಗಿ, ಅಮೆರಿಕದಲ್ಲಿ ಟೇಸರಿಗೆ ಗುರಿಯಾದ 1,201 ಮಂದಿಯನ್ನು ವೈದ್ಯರು ಪರಿಶೀಲಿಸಿ 2009ರಲ್ಲಿ ಹೊರತಂದ ವರದಿಯಲ್ಲಿ ಗಣನೀಯ ಗಾಯವಾದದ್ದು ಮೂವರಿಗೆ ಮಾತ್ರ. ಅವರಲ್ಲಿ ಇಬ್ಬರಿಗೆ ಬಿದ್ದು ತಲೆಗೆ ಪೆಟ್ಟಾಗಿತ್ತೆಂಬುದು ಗಮನಾರ್ಹ. 2023ರಲ್ಲಿ ಆಸ್ಟ್ರೇಲಿಯದ ಕೂಮಾ ಎಂಬಲ್ಲಿ 95 ವರ್ಷದ ವೃದ್ಧೆ ಮಡಿದದ್ದೂ ಹೀಗೆಯೇ, ಟೇಸರಿನ ಆಘಾತಕ್ಕೆ ಹಿಮ್ಮುಖವಾಗಿ ಬಿದ್ದು ತಲೆ ನೆಲಕ್ಕೆ ಅಪ್ಪಳಿಸಿದ್ದರಿಂದ.

ಮನುಷ್ಯರ ಕುರಿತ ಉಳಿದ ಪ್ರಯೋಗಗಳಲ್ಲಿ ಬಹುಪಾಲು, ತಾವಾಗಿ ಮುಂದೆ ಬಂದ ಆರೋಗ್ಯವಂತರ ಮೇಲೆ, ಬಿದ್ದರೆ ಹಿಡಿಯುವವರನ್ನು ಇಕ್ಕೆಲದಲ್ಲಿ ನಿಲ್ಲಿಸಿ ನಡೆಸಿದಂಥವು. ಬೀದಿಯಲ್ಲಿ ಟೇಸರಿಗೆ ಸಿಕ್ಕುವವನು ಓಡಿ ದಣಿದವನೋ ಅಮಲೇರಿದವನೋ ಚಿತ್ತಕ್ಷೋಭೆಗೊಂಡವನೋ ಆಗಿರುವುದೇ ಹೆಚ್ಚು; ಅವನ ಹೃದಯದ ವಿಷಯಕ್ಕೆ ಸ್ವಸ್ಥನ ಹೃದಯವನ್ನು ಸಾಕ್ಷಿಗೆ ಕರೆಯುವುದನ್ನು ನಾನಂತೂ ಒಪ್ಪಲಾರೆ. ಇಂಡಿಯಾನಾದ ಹೃದಯತಜ್ಞ ಡಗ್ಲಸ್ ಜೈಪ್ಸ್, ಎದೆಗೆ ಮೊನೆ ನಾಟಿದೊಡನೆ ಕುಸಿದ ಎಂಟು ಮಂದಿಯ ವೃತ್ತಾಂತಗಳನ್ನು 2012ರಲ್ಲಿ ಪ್ರಕಟಿಸಿ ಹೃದಯಸ್ತಂಭನಕ್ಕೆ ಆಯುಧವೇ ಕಾರಣವಾಗಬಲ್ಲುದೆಂದು ವಾದಿಸಿದರು. ಅವರು ವಾದಿಗಳ ಪರ ಸಂಭಾವನೆ ಪಡೆದು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವರು. ಅವರನ್ನು ಖಂಡಿಸಿದ ಮಾರ್ಕ್ ಕ್ರೋಲ್ ತಯಾರಕ ಸಂಸ್ಥೆಯ ನಿರ್ದೇಶಕಮಂಡಲಿಯಲ್ಲಿದ್ದವರು. ಓದುಗನು ಎರಡನ್ನೂ ನೆನಪಿನಲ್ಲಿಟ್ಟುಕೊಂಡು ಓದುವುದು ಲೇಸು. ಇಷ್ಟು ಮಾತ್ರ ನಿಜ: ಅದಕ್ಕೆ ಮೂರು ವರ್ಷ ಮುಂಚೆ, 2009ರಲ್ಲಿಯೇ, ಸಾಧ್ಯವಾದಲ್ಲಿ ಎದೆಯನ್ನು ತಪ್ಪಿಸಿ ಕೆಳಕ್ಕೆ ಗುರಿಯಿಡಬೇಕೆಂದು ತಯಾರಕರು ತಾವೇ ಪೊಲೀಸರಿಗೆ ಸೂಚಿಸಿದ್ದರು.

ವ್ಯಾಂಕೂವರಿನ ಮರಣವನ್ನು ವಿಚಾರಿಸಿದ ನಿವೃತ್ತ ನ್ಯಾಯಮೂರ್ತಿ ಥಾಮಸ್ ಬ್ರೇಡ್‌ವುಡ್ ಆಯುಧವನ್ನು ನಿಷೇಧಿಸಬೇಕೆನ್ನಲಿಲ್ಲ. ಅದು ಪ್ರಾಣಕ್ಕೆ ಎರವಾಗಬಲ್ಲುದೆಂದು ನಿರ್ಣಯಿಸಿ, ಪ್ರಯೋಗವನ್ನು ಸಾಮಾನ್ಯವಾಗಿ ಐದು ಸೆಕೆಂಡುಗಳ ಒಂದೇ ಆವರ್ತಕ್ಕೆ ಮಿತಿಗೊಳಿಸಬೇಕೆಂದರು. ಮತ್ತು ಟೇಸರ್ ಹೊತ್ತ ಪೊಲೀಸನಿಗೆ, ಲಯಗೆಟ್ಟು ನಡುಗುವ ಹೃದಯಕ್ಕೆ ಸಹಜ ಲಯವನ್ನು ಮರಳಿಸಲು ವಿದ್ಯುತ್ತನ್ನೇ ಹರಿಸುವ ಡಿಫಿಬ್ರಿಲೇಟರ್ ಯಂತ್ರವು ಕೈಗೆಟುಕುವಂತಿರಬೇಕೆಂದರು.