ಕೀ ಉತ್ತರವೇ ಬಿದ್ದುಹೋದ ಕಥೆ

'ತಪ್ಪಿರುವ ಭಾಗವನ್ನು ಗುರುತಿಸಿ' ಎಂಬ ಇಂಗ್ಲಿಷ್ ಪ್ರಶ್ನೆ ಕಂಡರೆ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಅರ್ಧ ಧೈರ್ಯ ಅಲ್ಲೇ ಹೋಗುತ್ತದೆ. ಕೀ ಉತ್ತರದಲ್ಲಿ ಏನಿದೆಯೋ ಅದೇ ಸರಿ ಎಂದು ನಾವು ಅಧ್ಯಾಪಕರೂ ಸುಮ್ಮನಾಗುವುದುಂಟು. ಅಮೆರಿಕದ ಒಬ್ಬ ಮಾಸ್ತರರು ಹಾಗೆ ಸುಮ್ಮನಾಗಲಿಲ್ಲ.

2002ರ ಅಕ್ಟೋಬರಿನಲ್ಲಿ ಅಲ್ಲಿನ ಹೈಸ್ಕೂಲು ಮಕ್ಕಳು ಪಿಎಸ್ಎಟಿ ಪರೀಕ್ಷೆ ಬರೆದರು. ನ್ಯಾಷನಲ್ ಮೆರಿಟ್ ವಿದ್ಯಾರ್ಥಿವೇತನದ ಮೊದಲ ಜರಡಿ ಇದೇ ಪರೀಕ್ಷೆ, ಆದ್ದರಿಂದ ಒಂದೊಂದು ಅಂಕಕ್ಕೂ ಬೆಲೆ. ಅದರಲ್ಲೊಂದು ವಾಕ್ಯ 'ಟೋನಿ ಮಾರಿಸನ್ಸ್ ಜೀನಿಯಸ್ ಎನೇಬಲ್ಸ್ ಹರ್' ಎಂದು ಶುರುವಾಗುತ್ತಿತ್ತು. ಕೀ ಉತ್ತರ: ತಪ್ಪಿಲ್ಲ.

ಮೇರಿಲ್ಯಾಂಡಿನಲ್ಲಿ ಪತ್ರಿಕೋದ್ಯಮ ಕಲಿಸುತ್ತಿದ್ದ ಆ ಮಾಸ್ತರರು ಆಕ್ಷೇಪ ಎತ್ತಿದರು. 'ಮಾರಿಸನ್ಸ್' ಎಂಬುದು ಷಷ್ಠೀ ರೂಪ, 'ಜೀನಿಯಸ್' ಪದಕ್ಕೆ ವಿಶೇಷಣದಂತೆ ನಿಂತಿದೆ. 'ಹರ್' ಎಂಬ ಸರ್ವನಾಮ ನಾಮಪದವನ್ನು ಸೂಚಿಸಬೇಕೇ ಹೊರತು ವಿಶೇಷಣವನ್ನಲ್ಲ ಎಂಬುದು ಅವರ ವಾದ. ಪರೀಕ್ಷೆ ನಡೆಸುವವರು ಮೊದಲು ಒಪ್ಪಲಿಲ್ಲ. ಅವರೂ ಪಟ್ಟು ಬಿಡಲಿಲ್ಲ. ಕೊನೆಗೆ ವಿಷಯ ಮೂವರು ತಜ್ಞರ ಮುಂದೆ ಹೋಯಿತು. 2003ರ ಮೇ ತಿಂಗಳಲ್ಲಿ ಆ ಪ್ರಶ್ನೆಯನ್ನೇ ಕೈಬಿಟ್ಟು ಅಂಕಗಳನ್ನು ಮತ್ತೆ ಲೆಕ್ಕ ಹಾಕಲಾಯಿತು.

ನಿಜ ಹೇಳಬೇಕೆಂದರೆ ಆ ವಾಕ್ಯದಲ್ಲಿ ನಮಗೂ ತಪ್ಪು ಕಾಣುವುದಿಲ್ಲ. ಆ ನಿಯಮಕ್ಕೆ ಬುಡವೇ ಇಲ್ಲ ಎಂದು ಭಾಷಾವಿಜ್ಞಾನಿಗಳು ಆಗಲೇ ನಕ್ಕರು. 'ಕುವೆಂಪು ಅವರ ಪ್ರತಿಭೆ ಅವರಿಂದ ಕಾದಂಬರಿ ಬರೆಸಿತು' ಎಂದರೆ ನಮ್ಮಲ್ಲಿ ಯಾರಿಗಾದರೂ ಗೊಂದಲವಾದೀತೆ? ಆದರೆ ಕೆಲವು ವ್ಯಾಕರಣ ಕೈಪಿಡಿಗಳಲ್ಲಿ ಆ ನಿಯಮ ಅಚ್ಚಾಗಿತ್ತು. ಅದನ್ನು ಓದಿ 'ಹರ್' ತಪ್ಪು ಎಂದು ಗುರುತಿಸಿದ ಮಗುವಿನ ಅಂಕ ಕಳೆಯುವುದು ಯಾವ ನ್ಯಾಯ? ಮಾಸ್ತರರು ಗೆದ್ದದ್ದು ಈ ಕಾರಣಕ್ಕಾಗಿ ಸರಿ ಎಂದೇ ನಮ್ಮ ಅಭಿಪ್ರಾಯ.

ಇನ್ನೊಂದು ಹಳೆಯ ಜಗಳ 'ಎವ್ರಿ ಸ್ಟೂಡೆಂಟ್' ಮುಂದೆ 'ಹಿಸ್' ಬರೆಯಬೇಕೋ 'ದೇರ್' ಬರೆಯಬೇಕೋ ಎಂಬುದು. ಏಕವಚನದ 'ದೇ' 1375ರಷ್ಟು ಹಿಂದೆಯೇ ಬಳಕೆಯಲ್ಲಿತ್ತೆಂದು ಆಕ್ಸ್‌ಫರ್ಡ್ ನಿಘಂಟು ತೋರಿಸುತ್ತದೆ. ಪುಲ್ಲಿಂಗವೇ ಇಬ್ಬರಿಗೂ ಸಾಕು ಎಂದು 1745ರಲ್ಲಿ ಬರೆದವರು ಆನ್ ಫಿಷರ್ ಎಂಬ ಮಹಿಳೆ! 1850ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯ್ದೆಗಳ ಭಾಷೆಗೂ ಅದನ್ನೇ ಶಾಸನ ಮಾಡಿತು. ಅಮೆರಿಕದ ಮನಶ್ಶಾಸ್ತ್ರ ಸಂಘದ ಬರವಣಿಗೆ ಕೈಪಿಡಿ ಏಕವಚನದ 'ದೇ'ಯನ್ನು ಒಪ್ಪಿದ್ದು 2019ರಲ್ಲಿ. ಒಬ್ಬರೇ ಹಿರಿಯರು ಬಂದರೂ 'ಅವರು ಬಂದರು' ಎನ್ನುವ ನಮಗೆ ಇದೇನು ವಿಚಿತ್ರವಲ್ಲ. ನಮ್ಮದು ಗೌರವಕ್ಕೆ ಎಂಬುದಷ್ಟೇ ವ್ಯತ್ಯಾಸ.

ತಪ್ಪು ಹುಡುಕುವ ಆ ಮಾದರಿಯ ಪ್ರಶ್ನೆಯನ್ನು ಪಿಎಸ್ಎಟಿ 2015ರಲ್ಲಿ ಕೈಬಿಟ್ಟಿತು. ಆದರೆ ತೂಗಾಡುವ ವಿಶೇಷಣದ ಪ್ರಶ್ನೆ ಹೊಸ ರೂಪದಲ್ಲಿ ಉಳಿದುಕೊಂಡಿದೆ. 'ವಾಕಿಂಗ್ ಹೋಮ್, ದ ರೇನ್ ಸ್ಟಾರ್ಟೆಡ್' ಎಂದರೆ ನಡೆದದ್ದು ಯಾರು? ಇದನ್ನು 'ಮನೆಗೆ ನಡೆಯುತ್ತಾ ಮಳೆ ಶುರುವಾಯಿತು' ಎಂದು ಕನ್ನಡದಲ್ಲಿ ಹೇಳಿನೋಡಿ, ತರಗತಿಯ ಮಕ್ಕಳೇ ನಗುತ್ತಾರೆ.