ಎಣಿಕೆಯ ಮಣೆ: ಮುಂಬಯಿ ಕನ್ನಡಿಗರ ಮಕ್ಕಳಾಟದ ಒಂದು ಚರಿತ್ರೆ

ಆಟಿ ತಿಂಗಳು ಬಂತೆಂದರೆ ಮುಂಬಯಿಯ ತುಳು-ಕನ್ನಡ ಸಂಘಟನೆಗಳಲ್ಲಿ ‘ಆಟಿಡೊಂಜಿ ದಿನ’ದ ಸಡಗರ. ಪತ್ರೊಡೆಯ ಪರಿಮಳ, ಪಾಡ್ದನದ ದನಿ, ಸಭಾಂಗಣದ ಒಂದು ಮೂಲೆಯಲ್ಲಿ ಹಳೆಯ ಮನೆಬಳಕೆಯ ವಸ್ತುಗಳ ಪ್ರದರ್ಶನ. ಸೇರು, ಕಳಸಿಗೆ, ಮುಟ್ಟಾಳೆಗಳ ನಡುವೆ ಹದಿನಾಲ್ಕು ಗುಳಿಗಳ ಒಂದು ಚೆನ್ನೆಮಣೆಯೂ ಇರುತ್ತದೆ. ಮಕ್ಕಳು ಅದರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಮುಂದೆ ಸಾಗುತ್ತಾರೆ. ಅದೇ ಮಕ್ಕಳಲ್ಲಿ ಹಲವರು ವಾರಕ್ಕೆ ಎರಡು ದಿನ ಅಬಾಕಸ್ ತರಗತಿಗೋ, ಮೆದುಳನ್ನು ಚುರುಕುಗೊಳಿಸುವ ಭರವಸೆ ನೀಡುವ ಮತ್ತಾವುದೋ ತರಗತಿಗೋ ಹೋಗಿಬರುವವರು. ಪ್ರದರ್ಶನದ ವಸ್ತುವಾಗಿ ಕುಳಿತ ಆ ಮಣೆಯೂ ಒಂದು ಕಾಲದಲ್ಲಿ ಇದೇ ಕೆಲಸ ಮಾಡುತ್ತಿತ್ತು ಎಂಬುದು ಅವರಿಗೂ, ಅವರ ಹೆತ್ತವರಿಗೂ ಹೊಳೆಯುವುದು ವಿರಳ.

ಉಡುಪಿಯಿಂದ ಕಾಸರಗೋಡಿನವರೆಗಿನ ಕರಾವಳಿಯಲ್ಲಿ ಚೆನ್ನೆಮಣೆ, ಘಟ್ಟದ ಮೇಲೆ ಅಳಗುಳಿಮಣೆ, ತಮಿಳುನಾಡಿನಲ್ಲಿ ಪಲ್ಲಾಂಗುಳಿ. ಆಫ್ರಿಕ ಖಂಡದ ಉದ್ದಗಲಕ್ಕೂ ಇದರ ಬಂಧುಗಳಿವೆ. ನಮ್ಮ ಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲು. ಗುಳಿಗೆ ನಾಲ್ಕರಂತೆ ಮಂಜೊಟ್ಟಿಯನ್ನೋ ಹುಣಸೆ ಬೀಜವನ್ನೋ ತುಂಬಿದರೆ ಒಟ್ಟು 56. ಒಂದು ಗುಳಿಯ ಕಾಳುಗಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ಕೈ ಎಲ್ಲಿ ಬರಿದಾಗುತ್ತದೆ, ಅಲ್ಲಿಂದ ಮುಂದೆ ಏನು ಸಿಗುತ್ತದೆ ಎಂಬುದನ್ನು ಕಾಳು ಎತ್ತುವ ಮೊದಲೇ ಕಣ್ಣಿನಲ್ಲಿ ಅಳೆಯಬೇಕು. ಊರಿನಿಂದ ಊರಿಗೆ ನಿಯಮ ಬದಲಾದರೂ ಈ ಮುಂದಾಲೋಚನೆ ಮಾತ್ರ ಬದಲಾಗದು.

ಆಟದ ನಿಜವಾದ ಪಾಠ ಎರಡನೆಯ ಸುತ್ತಿನಲ್ಲಿದೆ. ಮೊದಲ ಸುತ್ತಿನಲ್ಲಿ 30 ಕಾಳು ಗೆದ್ದವಳು ತನ್ನ ಏಳು ಗುಳಿಗಳನ್ನೂ ತುಂಬಿ ಎರಡು ಕಾಳು ಮಿಗಿಸಿಕೊಳ್ಳುತ್ತಾಳೆ. 26 ಪಡೆದವಳಿಗೆ ಆರು ಗುಳಿ ತುಂಬಿ ಎರಡು ಮಿಗುತ್ತವೆ, ಏಳನೆಯ ಗುಳಿ ಬರಿದಾಗಿ ಉಳಿಯುತ್ತದೆ. ಭಾಗಾಕಾರ, ಶೇಷ ಎಂಬ ಶಬ್ದಗಳನ್ನು ಕೇಳದ ಐದಾರು ವರ್ಷದ ಮಗು ಅವೆರಡನ್ನೂ ಬೆರಳ ತುದಿಯಲ್ಲಿ ಅರಿಯುತ್ತಿತ್ತು.

ಆದರೆ ಹಿರಿಯರು ಇದನ್ನು ಬರಿಯ ಲೆಕ್ಕದ ಆಟವೆಂದು ಬಗೆದವರಲ್ಲ. ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡಲು ಕುಳಿತು ಜಗಳವಾಗುತ್ತದೆ. ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆಯುತ್ತಾಳೆ, ಕಥೆ ಇಬ್ಬರ ಸಾವಿನಲ್ಲಿ ಮುಗಿಯುತ್ತದೆ. ಅಕ್ಕತಂಗಿಯರು ಎದುರುಬದುರು ಕುಳಿತು ಚೆನ್ನೆಯಾಡಬಾರದೆಂಬ ನಂಬಿಕೆ ಈ ಕಥೆಯ ಜೊತೆ ಹೆಣೆದುಕೊಂಡಿದೆ. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ 1990ರಲ್ಲಿ ಧ್ವನಿಮುದ್ರಿಸಿಕೊಂಡರು. 1998ರಲ್ಲಿ ಪ್ರಕಟವಾದ ಅದರ ಪಾಠದಲ್ಲಿ 15,683 ಸಾಲುಗಳಿವೆ. ಎ.ಕೆ. ರಾಮಾನುಜನ್ ಮತ್ತು ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಸಂಪಾದಿಸಿದ 1986ರ ಜಾನಪದ ಸಂಕಲನವೊಂದರಲ್ಲಿ ಪೀಟರ್ ಕ್ಲಾಸ್ ಚೆನ್ನೆಯಾಟದ ಅರ್ಥಗಳ ಬಗೆಗೇ ಒಂದು ಪ್ರಬಂಧ ಬರೆದಿದ್ದಾರೆ. ಸೋಲನ್ನು ಸಹಿಸುವುದು, ಕೈಯನ್ನು ಬಿಗಿಹಿಡಿಯುವುದು ಎಣಿಕೆಗಿಂತ ಕಠಿಣವಾದ ವಿದ್ಯೆ ಎಂಬುದನ್ನು ಪಾಡ್ದನಕಾರರು ತಮ್ಮದೇ ರೀತಿಯಲ್ಲಿ ಹೇಳಿಟ್ಟಿದ್ದರು.

ಈ ಮಣೆ ಮುಂಬಯಿಗೆ ಬಂದದ್ದು ಸಂಸಾರಗಳೊಡನೆ. ಕರಾವಳಿಯಿಂದ ಮೊದಲು ಬಂದವರಲ್ಲಿ ಹೆಚ್ಚಿನವರು ಗಂಡಸರು. ಹಗಲು ಹೋಟೆಲಿನ ದುಡಿಮೆ, ಇರುಳು ಕನ್ನಡ ರಾತ್ರಿಶಾಲೆಯ ಓದು ಎಂಬುದು ಅವರಲ್ಲಿ ಹಲವರ ದಿನಚರಿ. 1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ, 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿಕೊಂಡವು. ಹೆಂಗಸರೂ ಮಕ್ಕಳೂ ಬಂದು ಚಾಳಿನ ಕೋಣೆಗಳು ಮನೆಗಳಾದ ಮೇಲೆಯೇ ಮಳೆಗಾಲದ ಮಧ್ಯಾಹ್ನಗಳಲ್ಲಿ ಚೆನ್ನೆಗೂ ಚೌಕಾಬಾರಕ್ಕೂ ಎಡೆ ದೊರೆತದ್ದು. ಮಣೆಯಿಲ್ಲದವರಿಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆಗಳೇ ಸಾಕಾಗುತ್ತಿದ್ದವು.

ಇದೇ ಕಾಲದಲ್ಲಿ, ಕನ್ನಡಿಗರು ಹೆಚ್ಚಾಗಿ ನೆಲೆಸಿದ್ದ ಮಾಟುಂಗಾಕ್ಕೆ ಹೊಂದಿಕೊಂಡ ದಾದರಿನಲ್ಲಿ ಮತ್ತೊಂದು ಪ್ರಯತ್ನ ಮೊದಲಾಯಿತು. ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ದುಡಿದಿದ್ದ ತಾರಾಬಾಯಿ ಮೋಡಕ್ 1936ರಲ್ಲಿ ಇಲ್ಲಿ ಶಿಶುವಿಹಾರವನ್ನು ತೆರೆದರು. ಮಾರಿಯಾ ಮಾಂಟೆಸರಿ ಭಾರತಕ್ಕೆ ಬಂದದ್ದು 1939ರಲ್ಲಿ. ಅದಕ್ಕೆ ಮೊದಲೇ ಈ ನಗರದ ಮಧ್ಯಮ ವರ್ಗಕ್ಕೆ ‘ಆಟವೇ ಪಾಠ’ ಎಂಬ ಮಾತು ಪರಿಚಿತವಾಗಿತ್ತು. ಆದರೆ ಮಾಂಟೆಸರಿಯವರ ಸಾಮಗ್ರಿ ದುಬಾರಿ. 1945ರಲ್ಲಿ ಬೋರ್ಡಿಯ ಹಳ್ಳಿಗೂ, ಅನಂತರ ಕೋಸಬಾಡದ ಗುಡ್ಡಕ್ಕೂ ಹೋದ ತಾರಾಬಾಯಿ, ಅನುತಾಯಿ ವಾಘ್ ಅವರ ಜೊತೆಗೂಡಿ ಆದಿವಾಸಿ ಮಕ್ಕಳಿಗಾಗಿ ಸುತ್ತಮುತ್ತ ಸಿಗುವ ಬೀಜ, ಕಲ್ಲು, ಎಲೆ, ಚಿಪ್ಪುಗಳನ್ನೇ ಕಲಿಕೆಯ ಸಾಧನವಾಗಿಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕೆಂಬ ಅವರ ‘ಅಂಗಣವಾಡಿ’ಯ ಕಲ್ಪನೆ 1975ರ ಬಳಿಕ ದೇಶವ್ಯಾಪಿ ಯೋಜನೆಯ ಹೆಸರಿನಲ್ಲಿ ಉಳಿಯಿತು. ಕರ್ನಾಟಕದ ಹಳ್ಳಿಹಳ್ಳಿಯಲ್ಲಿ ಇಂದು ಕೇಳುವ ‘ಅಂಗನವಾಡಿ’ಯ ಬೇರು ಈ ಕರಾವಳಿಯಲ್ಲಿದೆ. ಶಿಕ್ಷಣತಜ್ಞೆಯೊಬ್ಬರು ಪ್ರಯೋಗದಿಂದ ತಲುಪಿದ ಆ ಬೀಜ-ಕಲ್ಲುಗಳ ಕಲಿಕೆಯನ್ನು ನಮ್ಮ ಅಜ್ಜಿಯಂದಿರು ರೂಢಿಯಿಂದ ನಡೆಸಿಕೊಂಡು ಬಂದಿದ್ದರು.

ಇಂದಿನ ಸಂಶೋಧನೆ ಈ ಬಗ್ಗೆ ಏನು ಹೇಳುತ್ತದೆ? ಮೆದುಳಿಗೆ ತರಬೇತಿ ಎಂದು ಮಾರುವ ಆಟಗಳ ಬಗ್ಗೆ ಎಚ್ಚರಿಕೆಯ ಮಾತು ಸಾಕಷ್ಟಿದೆ. ಒಂದು ಆಟವನ್ನು ಪದೇಪದೇ ಆಡಿದವರು ಆ ಆಟದಲ್ಲಿ ಪಳಗುತ್ತಾರೆ, ಒಟ್ಟು ಬುದ್ಧಿಶಕ್ತಿಯೇ ಹೆಚ್ಚುತ್ತದೆಂಬುದಕ್ಕೆ ಆಧಾರ ದುರ್ಬಲ. ಇಂಥ ಆಟಗಳನ್ನು ಮಾರುತ್ತಿದ್ದ ಲ್ಯುಮೋಸಿಟಿ ಸಂಸ್ಥೆ ತನ್ನ ಜಾಹೀರಾತುಗಳ ಕುರಿತ ಮೊಕದ್ದಮೆಯ ಇತ್ಯರ್ಥಕ್ಕಾಗಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಇನ್ನೊಂದು ಕಡೆ, ಗೀತಾ ರಮಣಿ ಮತ್ತು ರಾಬರ್ಟ್ ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬಡ ಕುಟುಂಬಗಳ ನಾಲ್ಕೈದು ವರ್ಷದ ಮಕ್ಕಳು ಸಂಖ್ಯೆಗಳ ಮನೆಗಳಿದ್ದ ಒಂದು ಸರಳ ಆಟವನ್ನು ಎಲ್ಲ ಸೇರಿ ಒಂದು ಗಂಟೆಯಷ್ಟು ಆಡಿದಾಗ ಅವರ ಸಂಖ್ಯಾಜ್ಞಾನ ಎದ್ದುಕಾಣುವಂತೆ ಬೆಳೆಯಿತು. ಸಂಖ್ಯೆಯ ಬದಲು ಬಣ್ಣಗಳಿದ್ದ ಆಟವಾಡಿದ ಮಕ್ಕಳಲ್ಲಿ ಆ ಬೆಳವಣಿಗೆ ಕಾಣಲಿಲ್ಲ. ಮೊದಲ ಗುಂಪಿನ ಮಕ್ಕಳು ಕಾಯಿ ನಡೆಸುತ್ತ ಸಂಖ್ಯೆಗಳನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಫಲ ಕೊಡುವುದು ಹಲಗೆಯೊಂದೇ ಅಲ್ಲ, ಅದರ ಜೊತೆಗೆ ಉಚ್ಚರಿಸುವ ಎಣಿಕೆಯ ಶಬ್ದಗಳೂ ಹೌದು.

ಆ ಶಬ್ದಗಳು ಯಾವ ಭಾಷೆಯವು ಎಂಬ ಪ್ರಶ್ನೆ ಹೊರನಾಡಿನ ನಮಗೆ ಮುಖ್ಯವಾದದ್ದು. 2019ರಲ್ಲಿ ಮಹಾರಾಷ್ಟ್ರದ ಎರಡನೆಯ ತರಗತಿಯ ಗಣಿತ ಪುಸ್ತಕ ‘ಬಾವೀಸ್’ ಎಂಬಲ್ಲಿ ‘ವೀಸ್ ದೋನ್’ ಎಂಬ ರೂಪವನ್ನು ಪರಿಚಯಿಸಿದಾಗ ರಾಜ್ಯದಲ್ಲೆಲ್ಲ ಚರ್ಚೆಯೆದ್ದಿತು. ಗಣಿತ ಸಮಿತಿಯ ನೇತೃತ್ವ ವಹಿಸಿದ್ದ ಮಂಗಲಾ ನಾರ್ಳೀಕರ್ ಅದನ್ನು ಸಮರ್ಥಿಸಿದರು. ಮರಾಠಿಯಲ್ಲಿ 29 ‘ಏಕೋಣತೀಸ್’, ಎಂದರೆ ಮೂವತ್ತಕ್ಕೆ ಒಂದು ಕಡಿಮೆ. ಪುಟ್ಟ ಮಗುವಿಗೆ ಅದು ತೊಡಕು. ಆ ಭಾಷೆಯ ಸೊಗಸನ್ನು ಅಲ್ಲಗಳೆಯದೆಯೇ ಒಂದು ಮಾತು ಹೇಳಬಹುದು: ಆ ಪುಸ್ತಕ ತರಲೆಳಸಿದ ಸರಳತೆ ಕನ್ನಡಕ್ಕೆ ಸಹಜವಾಗಿಯೇ ಒಲಿದಿದೆ. ಇಪ್ಪತ್ತೆರಡು, ಇಪ್ಪತ್ತೊಂಬತ್ತು ಎನ್ನುವಾಗ ಹತ್ತರ ಸ್ಥಾನ ಮೊದಲು, ಬಿಡಿಯ ಸ್ಥಾನ ಆಮೇಲೆ ಕೇಳಿಸುತ್ತದೆ. ಬರೆಯುವ ಕ್ರಮವೇ ನುಡಿಯುವ ಕ್ರಮ. ತುಳುವಿನದೂ ಇದೇ ದಾರಿ.

ಹೀಗಿದ್ದೂ ಇಂದು ಡೊಂಬಿವಿಲಿ, ಥಾಣೆ, ಮೀರಾರೋಡಿನ ಎಷ್ಟೋ ಮನೆಗಳಲ್ಲಿ ಕನ್ನಡವನ್ನೋ ತುಳುವನ್ನೋ ಚೆನ್ನಾಗಿ ಮಾತನಾಡುವ ಮಗು ಎಣಿಸಲು ತೊಡಗಿದ ಕೂಡಲೇ ಇಂಗ್ಲಿಷಿಗೆ ಹೊರಳುತ್ತದೆ. ಭಾಷೆಯೊಂದು ಮನೆಯಿಂದ ಹೊರಡುವಾಗ ಅಡುಗೆಮನೆಯ ಮಾತಿಗಿಂತ ಮೊದಲು ಎಣಿಕೆ ಹೊರಡುತ್ತದೆ. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳು ಕ್ಷೀಣಿಸುತ್ತ ಬಂದಾಗ ಹತ್ತರ ಮಗ್ಗಿಯ ಜಾಗ ತೆರವಾಯಿತು. ಆ ಜಾಗವನ್ನು ತುಂಬಬಲ್ಲ ಮಣೆಯನ್ನು ನಾವು ಪ್ರದರ್ಶನಕ್ಕೆ ಇಟ್ಟುಬಿಟ್ಟೆವು.

ಚೆನ್ನೆಯಾಡಿದ ಮಗು ಪ್ರಚಂಡ ಬುದ್ಧಿವಂತವಾಗುತ್ತದೆಂದು ಯಾರೂ ಭರವಸೆ ಕೊಡಬೇಕಾಗಿಲ್ಲ, ಅದು ಮಾರಾಟಗಾರರ ಭಾಷೆ. ಅಜ್ಜಿಯೋ ಅಜ್ಜನೋ ಎದುರು ಕುಳಿತು ‘ಒಂಜಿ, ರಡ್ಡ್, ಮೂಜಿ’ ಎಂದೋ ‘ಒಂದು, ಎರಡು, ಮೂರು’ ಎಂದೋ ಗಟ್ಟಿಯಾಗಿ ಎಣಿಸುತ್ತ ಕಾಳು ಬಿತ್ತಿದರೆ ಮಗುವಿಗೆ ಲೆಕ್ಕವೂ ನುಡಿಯೂ ಸೋಲುವ ಅಭ್ಯಾಸವೂ ಒಟ್ಟಿಗೆ ದಕ್ಕುತ್ತವೆ. ಮುಂದಿನ ಆಟಿಗೆ ನಮ್ಮ ಸಂಘಗಳು ಆ ಮಣೆಯನ್ನು ಪ್ರದರ್ಶನದ ಮೇಜಿನಿಂದ ಇಳಿಸಿ, ನೆಲದ ಮೇಲೆ ಚಾಪೆ ಹಾಸಿ, ಎರಡು ಮಕ್ಕಳ ನಡುವೆ ಇಡಲಿ. ಕಾಳುಗಳು 56 ಇವೆಯೇ ಎಂದು ಅವರೇ ಕನ್ನಡದಲ್ಲಿ ಎಣಿಸಿ ನೋಡಲಿ.